ಶಾಲು ಹೊದಿಸಿದ ವರ್ಷ

ಕಳೆದ ವಾರ ಮೂಡುಬಿದಿರೆಗೆ ಹೋಗಿದ್ದೆ. ನನ್ನ ದೊಡ್ಡಪ್ಪನ ಮಗ ಸುಧಾಕರಣ್ಣ ಅಲ್ಲಿ ಬಹಳ ಕಾಲ ಹಾಲಿನ ಸೊಸೈಟಿ ನೋಡಿಕೊಂಡವನು. ಅವನಿಗೆ ಸನ್ಮಾನವಿತ್ತು. ಸಭೆ ಮುಗಿದ ಮೇಲೆ ಅವನ ಒಂದು ಕೈಯಲ್ಲಿ ಸ್ಮರಣಿಕೆ, ಇನ್ನೊಂದರಲ್ಲಿ ಚೌಕಟ್ಟು ಹಾಕಿದ ಸನ್ಮಾನಪತ್ರ, ತಲೆಯ ಮೇಲೆ ಪೇಟ. ಹಣ್ಣಿನ ಬುಟ್ಟಿ ನನ್ನ ಮಡಿಲಿಗೆ ಬಂತು.

"ನೀನೇ ತೆಗೆದುಕೊಂಡು ಹೋಗು. ನನಗೆ ಶುಗರ್, ನಿನ್ನ ಅತ್ತಿಗೆಗೂ ಶುಗರ್. ಶಾಲು ಸಹ ತಗೊ. ನೀನು ಹೊಲಿಯುವವಳು, ಏನಾದರೂ ಮಾಡಿಕೊಳ್ತೀ," ಎಂದ.

ಬಸ್ಸು ವೇಣೂರು ದಾಟುವಾಗ ಬುಟ್ಟಿಯ ಮೇಲಿನ ಬಣ್ಣದ ಹಾಳೆ ನನ್ನ ಬಳೆ ತಾಗಿ ಹರಿಯಿತು. ಬಿಸಿಲಿಗೆ ಬಾಡಿದ ಸೇಬು, ಕಿತ್ತಳೆ, ಅದರೊಳಗೆ ಯಾರೋ ಇಟ್ಟ ಗಂಧದ ಹಾರ ಎಲ್ಲ ಸೇರಿ ಒಂದು ವಾಸನೆ ಮೇಲೆದ್ದಿತು. ನಮ್ಮ ಮನೆಯ ಊಟದ ಕೋಣೆಯಲ್ಲಿ ಒಂದು ವರ್ಷ ತಿಂಗಳುಗಟ್ಟಲೆ ಇದೇ ವಾಸನೆ ಇತ್ತು. ಗುರುವಾಯನಕೆರೆಯಲ್ಲಿ ಇಳಿದು ಅಳದಂಗಡಿಯ ಬಸ್ಸು ಹಿಡಿಯುವವರೆಗೂ ನಾನು ಆ ವರ್ಷದಲ್ಲೇ ಇದ್ದೆ.

ನಾನು ತವರಿನಲ್ಲೇ ಇರುವವಳು. ಅಳದಂಗಡಿ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮನೆಯಲ್ಲಿ ತಮ್ಮ ಉಮೇಶ, ಅವನ ಹೆಂಡತಿ ವಸಂತಿ, ಮಗಳು ಶ್ರಾವ್ಯ. ಉಮೇಶನದು ರಿಕ್ಷಾ, ವಸಂತಿಯದು ಬೀಡಿ. ಶ್ರಾವ್ಯ ಆಗ ನಮ್ಮ ಸರಕಾರಿ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು. ನಮ್ಮ ತುಳುವಿನಲ್ಲಿ ಅಪ್ಪನ ಅಕ್ಕನಿಗೆ ಮಾಮಿ ಎನ್ನುವುದು. ಅವಳಿಗೆ ನಾನು ಮಾಮಿ.

ಶಾಲೆ ಬಿಟ್ಟ ಕೂಡಲೇ ಅವಳು ಅಂಗಡಿಗೆ ಬಂದು ನನ್ನ ಮಿಷನಿನ ಕೆಳಗೆ ಕೂರುತ್ತಿದ್ದಳು. ಬ್ಲೌಸಿನ ಅಳತೆ ಕತ್ತರಿಸಿಡಲು ನಾನು ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬಳಸುವುದು. ದಪ್ಪ ಕಾಗದ, ಬೇಗ ಹರಿಯುವುದಿಲ್ಲ. ಒಂದೊಂದು ಹಾಳೆಯಲ್ಲಿ ಕುತ್ತಿಗೆಯ ಸುತ್ತು ಹೋದಲ್ಲಿ ಏಳೆಂಟು ತಾರೀಕು ಹೋಗಿರುತ್ತದೆ, ಕಂಕುಳಿನ ಸುತ್ತಿನಲ್ಲಿ ಇನ್ನು ನಾಲ್ಕು. ಈ ಹುಡುಗಿ ಆ ತುಂಡುಗಳನ್ನು ಹರಡಿಕೊಂಡು ಹೋದ ತಾರೀಕುಗಳನ್ನೆಲ್ಲ ಮನಸ್ಸಿನಲ್ಲೇ ತುಂಬಿಸುತ್ತಿದ್ದಳು. ಆಮೇಲೆ ಮುಂದಿನ ತಿಂಗಳು, ಅದರ ಹಿಂದಿನ ವರ್ಷ, ಅಧಿಕ ದಿನದ ವರ್ಷ. ಒಂದು ದಿನ ಗಿರಾಕಿಯೊಬ್ಬರು ಮಗಳ ಮದುವೆಯ ತಾರೀಕು ಹೇಳಿ ಬ್ಲೌಸು ಯಾವಾಗ ಸಿಗುತ್ತದೆ ಎಂದು ಕೇಳಿದರು. ಮಿಷನಿನ ಕೆಳಗಿನಿಂದ ಶಬ್ದ ಬಂತು: "ಅದು ಆದಿತ್ಯವಾರ. ಶನಿವಾರ ಕೊಡುವ ಮಾಮಿ."

ಗಿರಾಕಿ ಹೆದರಿ ಸೀರೆ ಎತ್ತಿಕೊಂಡು ಬಗ್ಗಿ ನೋಡಿದರು. ಮೊಬೈಲಿನಲ್ಲಿ ತೆಗೆದು ನೋಡಿದರೆ ಆದಿತ್ಯವಾರವೇ. ಬೇರೆ ತಾರೀಕು ಕೇಳಿದರು, ಅದೂ ಸರಿ. ಗಂಡನ ಹುಟ್ಟಿದ ದಿನ ಕೇಳಿದರು, ಅದೂ ಸರಿ. ಯಾರು ಹೇಳಿಕೊಟ್ಟದ್ದು ಎಂದು ನನ್ನನ್ನು ಕೇಳಿದರು. ನನಗೆ ಏನು ಗೊತ್ತು? ನಾನು ಅವಳಿಗೆ ಹೇಳಿಕೊಟ್ಟದ್ದು ಗುಂಡಿಗೆ ಕಾಜಾ ಹಾಕುವುದು ಒಂದೇ.

ನಮ್ಮ ಊರಿಗೆ ಒಂದು ಒಳ್ಳೆಯ ಗುಣ ಉಂಟು. ಯಾರಲ್ಲಿ ಏನೇ ವಿಶೇಷ ಕಂಡರೂ ಸುಮ್ಮನಿರುವುದಿಲ್ಲ, ಕರೆದು ಶಾಲು ಹಾಕುತ್ತಾರೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಯುವಕ ಮಂಡಲ, ಭಜನಾ ಮಂಡಳಿ, ಮಹಿಳಾ ಮಂಡಲ, ಫ್ರೆಂಡ್ಸ್ ಕ್ಲಬ್ಬು, ಯಾವುದಕ್ಕಾದರೂ ವಾರ್ಷಿಕೋತ್ಸವ ಇಲ್ಲದೆ ಉಂಟಾ? ದೀಪಾವಳಿಗೆ ಶುರುವಾದರೆ ಪತ್ತನಾಜೆಯವರೆಗೆ, ಎಂದರೆ ಮೇ ತಿಂಗಳಲ್ಲಿ ಕೋಲ, ಯಕ್ಷಗಾನ ಎಲ್ಲ ಗೆಜ್ಜೆ ಬಿಚ್ಚುವ ದಿನದವರೆಗೆ, ನಮ್ಮಲ್ಲಿ ವೇದಿಕೆ ಖಾಲಿ ಇರುವುದಿಲ್ಲ. ಆ ವರ್ಷ ದೀಪಾವಳಿಯ ಮರುವಾರವೇ ನಮ್ಮ ಊರಿನ ಯುವಕ ಮಂಡಲದವರು ಶ್ರಾವ್ಯಳನ್ನು ಕರೆದರು. ಫ್ಲೆಕ್ಸಿನಲ್ಲಿ ಅವಳ ಫೋಟೋ, ಕೆಳಗೆ 'ಬಾಲ ಪ್ರತಿಭೆ' ಎಂದು. ಹಳದಿ ಜರಿಯ ಶಾಲು ಅವಳ ಹೆಗಲಿನಿಂದ ಇಳಿದು ನೆಲ ಗುಡಿಸುತ್ತಿತ್ತು. ಜನ ತಾರೀಕು ಕೂಗಿದರು, ಅವಳು ವಾರ ಹೇಳಿದಳು, ಚಪ್ಪಾಳೆ ಬಿತ್ತು.

ಉಮೇಶನ ಮುಖ ಆ ದಿನ ನೋಡಬೇಕಿತ್ತು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು ಅವನು. ಯಾವ ಸಭೆಗೆ ಹೋದರೂ ರಿಕ್ಷಾ ನಿಲ್ಲಿಸಿ ಹೊರಗೆ ನಿಂತೇ ನೋಡಿದವನು. ಅಂದು ಯಾರೋ "ಬನ್ನಿ ಉಮೇಶಣ್ಣ, ಮುಂದೆ ಕೂತುಕೊಳ್ಳಿ" ಎಂದು ಕುರ್ಚಿ ಎಳೆದುಕೊಟ್ಟರು. ಅವನು ಅಂಗಿಯ ಕಾಲರ್ ಸರಿಮಾಡಿಕೊಂಡು ಕೂತ ರೀತಿ ನನಗೆ ಇನ್ನೂ ಕಣ್ಣಿನಲ್ಲಿ ಉಂಟು. ಅದರ ನಂತರ ಅವನನ್ನು ತಡೆಯುವುದು ಯಾರಿಂದಲೂ ಆಗುತ್ತಿರಲಿಲ್ಲ, ಯಾರಿಗೂ ತಡೆಯಬೇಕೆಂದೂ ಅನ್ನಿಸಿರಲಿಲ್ಲ. ಮುಂಡಾಜೆಯಿಂದ ಹಿಡಿದು ಫರಂಗಿಪೇಟೆಯವರೆಗೆ ರಿಕ್ಷಾದಲ್ಲಿ ಕರೆದುಕೊಂಡು ಹೋದ. ಪ್ರತಿ ಸಲ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ತಿಂದು ಮುಗಿಯದ ಸೇಬು ಊಟದ ಕೋಣೆಯಲ್ಲಿ ಮೆತ್ತಗಾಗುತ್ತಿತ್ತು. ನಾನು ಶಾಲುಗಳಿಗೆ ಇಸ್ತ್ರಿ ಹಾಕಿ ಕಪಾಟಿನಲ್ಲಿ ಒಂದರ ಮೇಲೊಂದು ಇಡುತ್ತಿದ್ದೆ. ಹೊದೆಯಲು ತೆಳು, ಒರೆಸಲು ಜರಿ ಚುಚ್ಚುತ್ತದೆ. ಅದರಿಂದ ಏನು ಮಾಡಬೇಕೆಂದು ಹೊಲಿಯುವವಳಾದ ನನಗೇ ಗೊತ್ತಾಗುತ್ತಿರಲಿಲ್ಲ.

ಕ್ರಿಸ್‌ಮಸ್ ರಜೆ ಕಳೆದ ಮೇಲೆ ಒಂದು ಸಂಜೆ ಶ್ರಾವ್ಯ ಮನೆಯ ಜಗಲಿಯಲ್ಲಿ ನನ್ನ ಹತ್ತಿರ ಕೂತು ಗುಂಡಿಗಳ ಡಬ್ಬಿ ಆಡಿಸುತ್ತಾ ಕೇಳಿದಳು, "ಮಾಮಿ, ವಾರ ಹೇಳುವುದು ನನಗೆ ಗೊತ್ತಾಗಿ ಆಯ್ತಲ್ಲ. ಇನ್ನೂ ಯಾಕೆ ಅದನ್ನೇ ಹೇಳಬೇಕು?"

"ಜನರಿಗೆ ಖುಷಿ ಆಗ್ತದಲ್ಲ ಮಗಾ."

"ಅವರು ಯಾರೂ ಹೇಗೆ ಅಂತ ಕೇಳುವುದಿಲ್ಲ. ಕೇಳಿದರೆ ಹೇಳಬಹುದಿತ್ತು." ಡಬ್ಬಿಯ ಮುಚ್ಚಳ ಹಾಕಿ, "ಶಾಲೆಯಲ್ಲಿಯೂ ಗೊತ್ತಿದ್ದದ್ದೇ. ದೊಡ್ಡವಳಾದ ಮೇಲೆ ಗೊತ್ತಿಲ್ಲದ್ದು ಸಿಗ್ತದಾ?"

ಒಳಗೆ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ವಸಂತಿಗೆ ನಾನು ಆ ಮಾತನ್ನು ಆ ದಿನವೇ ಹೇಳಿದೆ. ಅವಳು ಹೆಚ್ಚು ಮಾತಿನವಳಲ್ಲ. ಎಲೆ ಸುತ್ತಿ, ನೂಲು ಹಾಕಿ, ಅದರ ಬಾಯಿ ಮುಚ್ಚಿ, ಒಂದು ಬೀಡಿ ಮುಗಿಸಿದ ಮೇಲೆ ಹೇಳಿದಳು: "ಹಸಿದು ಪಂಕ್ತಿಯಲ್ಲಿ ಕೂತವಳಿಗೆ ಎಲೆಯ ಮೇಲೆ ಎಲೆ ಹಾಕ್ತಾ ಇದ್ದೇವೆ ಅಕ್ಕ. ಅನ್ನ ಬಡಿಸುವವರು ಯಾರೂ ಬರ್ಲಿಲ್ಲ."

ಶಿವರಾತ್ರಿಯ ಮೊದಲು ಬೆಳ್ತಂಗಡಿಯಲ್ಲಿ ಒಂದು ಸಂಘದ ದೊಡ್ಡ ಕಾರ್ಯಕ್ರಮ. ಸಂಜೆಯ ಹೊತ್ತು, ಶಾಮಿಯಾನದ ಒಳಗೆ ಜನವೋ ಜನ. ಅಧ್ಯಕ್ಷತೆ ಪದ್ಮರಾಜ ಜೈನರದು. ಅವರು ನಮ್ಮ ಪ್ರಾಥಮಿಕ ಶಾಲೆಯ ಆಚೆ ಬದಿಯ ಅನುದಾನಿತ ಹೈಸ್ಕೂಲಿನ ಸಂಚಾಲಕರು. ತೋಟ, ಅಂಗಡಿ, ಬಸದಿಯ ಕೆಲಸ ಎಲ್ಲ ನೋಡಿಕೊಳ್ಳುವ ಹಿರಿಯರು, ಊರಿಗೆ ಬೇಕಾದವರು. ಶ್ರಾವ್ಯಳಿಗೆ ಶಾಲು ಹೊದಿಸಿ, ಮೈಕಿನಲ್ಲಿಯೇ ಕೇಳಿದರು.

"ಮಗಾ, ನನ್ನದೊಂದು ಹೇಳು ನೋಡುವ." ಜೂನ್ ಒಂದು ಎಂದು ಹೇಳಿ ವರ್ಷವನ್ನೂ ಹೇಳಿದರು.

"ಗುರುವಾರ."

"ಅಲ್ಲ ಅಲ್ಲ," ಎಂದು ಅವರು ನಕ್ಕರು. "ನಾನು ಶುಕ್ರವಾರ ಹುಟ್ಟಿದವ. ಆಟಿ ತಿಂಗಳ ಶುಕ್ರವಾರ, ಜಡಿಮಳೆ, ಸೂಲಗಿತ್ತಿಗೆ ಹೊಳೆ ದಾಟ್ಲಿಕ್ಕೆ ಆಗ್ಲಿಲ್ಲ ಅಂತ ನಮ್ಮ ಅಮ್ಮ ಕೊನೆಯವರೆಗೂ ಹೇಳ್ತಾ ಇದ್ರು."

ನಿರೂಪಕ ಕೂಡಲೇ, "ಚಿಕ್ಕ ಮಗು, ಒಂದು ತಪ್ಪಿತು, ಪರವಾಗಿಲ್ಲ, ಆದರೂ ಒಂದು ಜೋರಾದ ಚಪ್ಪಾಳೆ!" ಎಂದು ಮೈಕಿಗೆ ಕೈ ಚಾಚಿದ. ಶ್ರಾವ್ಯ ಮೈಕು ಬಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು, ಲೆಕ್ಕ ಬಿಡಿಸುವಾಗ ಹೇಳುವ ಹಾಗೆಯೇ ಹೇಳಿದಳು:

"ಆಟಿ ಜೂನಿನಲ್ಲಿ ಬರುವುದಿಲ್ಲ. ಅದು ಜುಲೈ ಅರ್ಧ ಆದ ಮೇಲೆ. ನಿಮ್ಮ ಅಮ್ಮ ಹೇಳಿದ್ದು ಸತ್ಯ ಆದ್ರೆ ತಾರೀಕು ಸುಳ್ಳು."

ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ನನ್ನದೂ ಜೂನ್ ಒಂದೇ ಮಾರಾಯ!" ಇನ್ನೊಬ್ಬರು, "ನಮ್ಮ ಮನೆಯಲ್ಲಿ ನಾಲ್ಕು ಜನರದ್ದೂ ಅದೇ!" ಇಡೀ ಶಾಮಿಯಾನ ನಕ್ಕಿತು. ವಿಷಯ ಅಲ್ಲಿದ್ದ ಹಿರಿಯರಿಗೆಲ್ಲ ಗೊತ್ತಿದ್ದದ್ದೇ. ಹಿಂದಿನ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ತಂದೆತಾಯಿಗೆ ತಾರೀಕು ನೆನಪಿರುತ್ತಿರಲಿಲ್ಲ. ಮಾಷ್ಟ್ರು ವಯಸ್ಸಿಗೆ ಸರಿಯಾಗಿ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ನಮ್ಮ ತಾಲೂಕಿನ ಒಂದು ತಲೆಮಾರು ಒಂದೇ ದಿನ ಹುಟ್ಟಿದ್ದು. ಆದರೆ ಅದನ್ನು ವೇದಿಕೆಯಲ್ಲಿ, ಸಭಾಧ್ಯಕ್ಷರ ಮುಖಕ್ಕೆ, ನಾಲ್ಕನೆಯ ಕ್ಲಾಸಿನ ಹುಡುಗಿ 'ಸುಳ್ಳು' ಎನ್ನುವುದು ಬೇರೆ. ಪದ್ಮರಾಜ ಜೈನರು ನಗಲು ನೋಡಿದರು, ಬರಲಿಲ್ಲ. ಕಿವಿ ಕೆಂಪಾಯಿತು. ಉಮೇಶ ವೇದಿಕೆಗೆ ಓಡಿ ಕೈಮುಗಿದ.

ರಿಕ್ಷಾದಲ್ಲಿ ಬರುವಾಗ ಅವನು ಅವಳಿಗೆ ಬೈದ. "ದೊಡ್ಡವರಿಗೆ ಸುಳ್ಳು ಅಂತ ಹೇಳುವುದಾ? ನಾಳೆ ಅವರ ಮುಖ ಹೇಗೆ ನೋಡುವುದು ನಾನು?"

"ನಾನು ಅವರಿಗೆ ಹೇಳ್ಲಿಲ್ಲ ಅಪ್ಪ. ತಾರೀಕಿಗೆ ಹೇಳಿದ್ದು."

"ಸಾಕು. ಮಾತಾಡ್ಬೇಡ."

ಅವಳು ಆ ಮಾತನ್ನು ಅಕ್ಷರಶಃ ಪಾಲಿಸಿದಳು. ಊರಿನಲ್ಲಿ ಹೇಳುವವರು ಹೇಳಿದರು. ಮೊದಲು 'ಬಾಲ ಪ್ರತಿಭೆ' ಎಂದವರೇ ಈಗ 'ಅಧಿಕಪ್ರಸಂಗಿ' ಎಂದರು. ಬ್ಲೌಸ್ ಕೊಡಲು ಬಂದವರು, "ನಿಮ್ಮ ಹುಡುಗಿಗೆ ಸ್ವಲ್ಪ ಜಾಸ್ತಿ ಆಯ್ತು ಅಲ್ವಾ" ಎಂದು ನಗುತ್ತಾ ಹೇಳಿ ಹೋದರು. ಅದನ್ನೆಲ್ಲ ನಾನು ಮಿಷನಿನ ಶಬ್ದದಲ್ಲಿ ಕೇಳದವಳ ಹಾಗೆ ಇದ್ದೆ. ಆದರೆ ಮಿಷನಿನ ಕೆಳಗೆ ಕೂರುವವಳು ಈಗ ಬೆಂಚಿನ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. ಕ್ಯಾಲೆಂಡರಿನ ತುಂಡುಗಳನ್ನು ಮುಟ್ಟುತ್ತಿರಲಿಲ್ಲ. ಗಿರಾಕಿ ಯಾರಾದರೂ ತಾರೀಕು ಕೇಳಿದರೆ "ಗೊತ್ತಿಲ್ಲ" ಎನ್ನುತ್ತಿದ್ದಳು.

ಅವಳ ಟೀಚರ್ ಜಯಂತಿ ಒಂದು ದಿನ ಫಾಲ್ಸ್ ಹಾಕಿಸಲು ಸೀರೆ ತಂದರು. ಒಳ್ಳೆಯ ಹೆಂಗಸು. ನಾಲ್ಕು ಮತ್ತು ಐದನೆಯ ಕ್ಲಾಸು ಎರಡನ್ನೂ ಒಂದೇ ಕೋಣೆಯಲ್ಲಿ ನೋಡಿಕೊಳ್ಳುವವರು.

"ಶ್ರಾವ್ಯಳಿಗೆ ಹುಷಾರಿಲ್ವಾ ಅಕ್ಕ? ಏಳರ ಮಗ್ಗಿ ಕೇಳಿದ್ರೂ ಗೊತ್ತಿಲ್ಲ ಅಂತಾಳೆ."

"ಮೊದಲು ಏನು ಮಾಡ್ತಾ ಇದ್ಳು ಟೀಚರ್, ಲೆಕ್ಕದ ಹೊತ್ತಿಗೆ?"

"ಅವಳದ್ದು ಬೇಗ ಮುಗಿತದಲ್ಲ. ಐದನೆಯವರ ಪುಸ್ತಕ ತಿದ್ದಿಕೊಡ್ತಿದ್ಳು. ನನಗೆ ದೊಡ್ಡ ಸಹಾಯ." ಹೇಳಿ ಅವರೇ ತಡೆದರು. ಸೀರೆಯ ಸೆರಗನ್ನು ಮಡಚುತ್ತಾ, "ಅವಳಿಗೆ ಅಂತ ನಾನು ಏನೂ ಕಲಿಸ್ಲಿಲ್ಲ ಅಲ್ವಾ ಈ ವರ್ಷ," ಎಂದರು. "ಹಿಂದೆ ಉಳಿದ ಮಕ್ಕಳಿಗೆ ಏನು ಮಾಡಬೇಕು ಅಂತ ನಮಗೆ ತರಬೇತಿ ಉಂಟು. ಮುಂದೆ ಹೋದವರಿಗೆ ಏನು ಮಾಡುವುದು ಅಂತ ಯಾರೂ ಹೇಳ್ಲಿಲ್ಲ. ಹುಷಾರಿ ಮಗು, ಅದರಷ್ಟಕ್ಕೆ ಕಲೀತದೆ ಅಂತ ಬಿಟ್ಟುಬಿಡ್ತೇವೆ."

ಅವರು ಹೋದ ಮೇಲೆ ಆ ಸೀರೆಗೆ ಫಾಲ್ಸ್ ಹಾಕಲು ಕೂತೆ. ಹೊಲಿಗೆಯವಳಿಗೆ ಒಂದು ತಿಳಿವಳಿಕೆ ಇರುತ್ತದೆ. ಬೆಳೆಯುವ ಮಗುವಿಗೆ ಅಂಗಿ ಹೊಲಿಯುವಾಗ ನಾವು ಒಳಗೆ ಬಟ್ಟೆ ಬಿಟ್ಟೇ ಹೊಲಿಯುವುದು, ಬೇಕಾದಾಗ ಬಿಚ್ಚಲಿಕ್ಕೆ. ಈ ಮಗುವಿನ ಅಂಗಿ ಎಲ್ಲ ಕಡೆ ಬಿಗಿಯುತ್ತಿದೆ. ನಾವೆಲ್ಲ ಸೇರಿ ಅದರ ಮೇಲೆ ಶಾಲು ಹೊದಿಸುತ್ತಿದ್ದೇವೆ.

ಶಿವರಾತ್ರಿ ಕಳೆದು ಸೆಕೆ ಏರುವ ಹೊತ್ತಿಗೆ ಒಂದು ಬೆಳಗ್ಗೆ ಅಂಗಡಿಯ ಎದುರು ಪದ್ಮರಾಜ ಜೈನರ ಕಾರು ನಿಂತಿತು. ನಾನು ಟೇಪು ಕೆಳಗಿಟ್ಟು ಎದ್ದು ನಿಂತೆ. ಅವರು ಬೆಂಚಿನ ಮೇಲೆ ಕೂತು, ಟವೆಲಿನಿಂದ ಮುಖ ಒರೆಸಿಕೊಂಡು, "ಒಂದು ಲೋಟ ನೀರು ಕೊಡಮ್ಮ," ಎಂದರು. ಕುಡಿದ ಮೇಲೆ ಮಾತು ತೆಗೆದರು.

"ಮುಂಡಾಜೆಯಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ, ಅಮ್ಮನ ತಂಗಿ. ಹೋಗಿ ಕೇಳಿದೆ. ಆಟಿಯೇ ಅಂತೆ. ಶುಕ್ರವಾರವೇ ಅಂತೆ. ತಾರೀಕು ಮಾಷ್ಟ್ರು ಹಾಕಿದ್ದಂತೆ. ಇಷ್ಟು ವರ್ಷ ನಾನು ಎರಡನ್ನೂ ನಂಬಿಕೊಂಡಿದ್ದೆ ನೋಡಿ! ಆಟಿ ಅಂತಲೂ ಹೇಳ್ತಿದ್ದೆ, ಜೂನ್ ಒಂದು ಅಂತಲೂ ಹೇಳ್ತಿದ್ದೆ. ಒಟ್ಟಿಗೆ ಇಟ್ಟು ನೋಡಿದ್ದು ನಿಮ್ಮ ಮಗು." ಈ ಸಲ ಅವರಿಗೆ ನಗು ಬಂತು. "ಅವತ್ತು ಮಗುವಿಗೆ ಬೇಜಾರಾಗಿರಬೇಕು. ನಮ್ಮ ಹೈಸ್ಕೂಲಿನಲ್ಲೇ ಒಂದು ಒಳ್ಳೆ ಸನ್ಮಾನ ಇಟ್ಟುಕೊಳ್ಳುವ. ಬೆಳ್ಳಿಯ ತಟ್ಟೆ ಕೊಡುವ ಅಂತ."

ನಾನು ಅವರ ಎದುರು ಕೂತು ಮಾತಾಡಿದವಳೇ ಅಲ್ಲ. ಆ ದಿನವೂ ನಿಂತೇ ಇದ್ದೆ. ಆದರೆ ಮಾತು ಬಂತು.

"ತಟ್ಟೆ ಬೇಡ. ಶಾಲೂ ಬೇಡ, ಕಪಾಟಿನಲ್ಲಿ ಜಾಗ ಇಲ್ಲ. ನೀವು ಕೊಡುವುದಾದ್ರೆ ನಿಮ್ಮ ಹೈಸ್ಕೂಲಿನಲ್ಲಿ ಎಂಟನೆಯ ಕ್ಲಾಸಿನ ಲೆಕ್ಕದ ಪೀರಿಯಡಿಗೆ ಅವಳಿಗೆ ಒಂದು ಜಾಗ ಕೊಡಿ. ದಿನಕ್ಕೆ ಒಂದೇ ಪೀರಿಯಡ್. ಉಳಿದದ್ದು ಅವಳ ಕ್ಲಾಸಿನಲ್ಲಿ, ಅವಳ ಸಮಪ್ರಾಯದವರ ಜೊತೆಯೇ ಇರಲಿ."

ಅವರು ನನ್ನನ್ನು ನೋಡಿದರು. "ಹಾಗೆ ಎಲ್ಲಿಯಾದರೂ ಉಂಟಾ?"

"ಎಲ್ಲಿ ಉಂಟು ಅಂತ ನನಗೆ ಗೊತ್ತಿಲ್ಲ. ಇಲ್ಲಿ ಆಗಬಹುದಾ ಅಂತ ಕೇಳಿದ್ದು."

ಅವರು ಒಪ್ಪಿದರು ಎಂದರೆ ಕೆಲಸ ಆಯಿತೆಂದು ಅಂದುಕೊಂಡೆ. ಆಗಲಿಲ್ಲ. ಹೈಸ್ಕೂಲಿನ ಹೆಡ್ಮಾಷ್ಟ್ರು ನಿಯಮದ ಮನುಷ್ಯ, ಅವರ ಕಷ್ಟ ಅವರದು. ಮಾರ್ಚಿನ ಕೊನೆಗೆ ಅವರ ಕೋಣೆಯಲ್ಲಿ ಎಲ್ಲರೂ ಕೂತೆವು. ಸಂಚಾಲಕರು, ಜಯಂತಿ ಟೀಚರ್, ಹೈಸ್ಕೂಲಿನ ಲೆಕ್ಕದ ಲೀನಾ ಟೀಚರ್, ಉಮೇಶ, ನಾನು. ಉಮೇಶ ಬರಲು ಒಪ್ಪಿದ್ದೇ ದೊಡ್ಡದು. ಸಂಚಾಲಕರ ಎದುರು ಕಣ್ಣೆತ್ತದೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದ.

"ನನ್ನ ಹಾಜರಿಯಲ್ಲಿ ಹೆಸರಿಲ್ಲದ ಮಗು ನನ್ನ ಕ್ಲಾಸಿನಲ್ಲಿ ಕೂತರೆ, ಇನ್‌ಸ್ಪೆಕ್ಷನ್ ಬಂದಾಗ ನಾನು ಏನು ಹೇಳ್ಬೇಕು?" ಎಂದರು ಹೆಡ್ಮಾಷ್ಟ್ರು.

ಜಯಂತಿ ಟೀಚರ್ ಮೆಲ್ಲ ಕೇಳಿದರು, "ಸರ್, ನಮ್ಮ ಆರನೆಯ ಕ್ಲಾಸಿನ ಹುಡುಗಿ ಒಬ್ಬಳು ನಿಮ್ಮ ಮೈದಾನದಲ್ಲಿ ದೊಡ್ಡವರ ಜೊತೆ ಓಡ್ಲಿಕ್ಕೆ ಬರ್ತಾಳಲ್ಲ, ದಿನಾ ಸಂಜೆ. ನಿಮ್ಮ ಪಿ.ಇ. ಸರ್ ಅವರೇ ಕರೆದದ್ದು. ಅವಳ ಹೆಸರು ನಿಮ್ಮ ಹಾಜರಿಯಲ್ಲಿ ಉಂಟಾ?"

"ಅದು ಆಟ. ಅವಳು ಜೋರು ಓಡ್ತಾಳೆ. ಚಿಕ್ಕವರ ಜೊತೆ ಓಡಿಸಿದರೆ ಅವಳ ಓಟ ಕೆಡ್ತದೆ."

ಹೆಡ್ಮಾಷ್ಟ್ರಿಗೇ ತಾನು ಹೇಳಿದ್ದು ಕೇಳಿಸಿತು ಎಂದು ಕಾಣುತ್ತದೆ, ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ನಾನು ಸೇರಿಸಿದೆ, "ಚೆಂಡೆಗೆ ಕೈ ಇರುವ ಮಗುವನ್ನು ಭಾಗವತರು ದೊಡ್ಡವರ ಮೇಳದಲ್ಲಿ ಕೂರಿಸಿಕೊಳ್ತಾರೆ ಸರ್. ನಿನಗೆ ವರ್ಷ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಲೆಕ್ಕಕ್ಕೆ ಮಾತ್ರ ಯಾಕೆ?"

"ಆಯ್ತಮ್ಮ. ಆದರೆ ಮಗು ಹೆದರಿದರೆ? ದೊಡ್ಡ ಮಕ್ಕಳು ನಗಾಡಿದರೆ? ಜವಾಬ್ದಾರಿ ಯಾರದ್ದು?"

ಆಗ ಮೂಲೆಯಿಂದ ಉಮೇಶ ಮಾತಾಡಿದ. "ಸರ್, ಅಷ್ಟು ಜನರ ಎದುರು ಅವಳನ್ನು ನಿಲ್ಲಿಸಿದೆ ನಾನು, ತಿಂಗಳುಗಟ್ಟಲೆ. ಆಗ ಹೆದರ್ತಾಳಾ ಅಂತ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಈಗ ಕಲೀಲಿಕ್ಕೆ ಹೋಗುವಾಗ ಕೇಳ್ತಾ ಇದ್ದೇವೆ."

ಸಂಚಾಲಕರು ಎದ್ದು ಅವನ ಹೆಗಲಿನ ಮೇಲೆ ಒಂದು ಕ್ಷಣ ಕೈ ಇಟ್ಟು, ಕಿಟಕಿಯ ಹತ್ತಿರ ಹೋಗಿ ನಿಂತರು. ಹೆಡ್ಮಾಷ್ಟ್ರು ಪೆನ್ನು ಕೆಳಗಿಟ್ಟು, "ಆಯ್ತು, ಜೂನಿನಿಂದ ಬರಲಿ," ಎಂದರು.

ಆಗ ಲೀನಾ ಟೀಚರ್, "ಇಷ್ಟು ಹೊತ್ತು ನಾವೇ ಮಾತಾಡಿದೆವು. ಮಗುವಿಗೆ ಬೇಕಾ ಅಂತ ಕೇಳಿದ್ದೀರಾ?" ಎಂದರು. ಕೇಳಿರಲಿಲ್ಲ. ಅವರೇ ಎದ್ದು ಆಚೆ ಶಾಲೆಗೆ ಹೊರಟರು. ನಾನು ಹಿಂದೆ ಹೋದೆ. ಶ್ರಾವ್ಯ ಗೋಳಿಮರದ ಕಟ್ಟೆಯಲ್ಲಿ ಒಬ್ಬಳೇ ಕಾಲು ಆಡಿಸುತ್ತಾ ಕೂತಿದ್ದಳು. ಟೀಚರ್ ಸೀರೆ ಮಡಚಿಕೊಂಡು ಪಕ್ಕದಲ್ಲಿ ಕೂತರು.

"ನನ್ನ ಲೆಕ್ಕದ ಕ್ಲಾಸಿಗೆ ಬರ್ತೀಯಾ ಮಗಾ, ಜೂನಿನಿಂದ?"

ಅವಳು ಅನುಮಾನದಿಂದ ನೋಡಿದಳು. "ಅಲ್ಲಿ ಮೈಕ್ ಉಂಟಾ?"

"ಇಲ್ಲ."

"ಚಪ್ಪಾಳೆ?"

"ಚಪ್ಪಾಳೆಯೂ ಇಲ್ಲ ಮಾರಾಯ್ತಿ. ಹೋಮ್‌ವರ್ಕ್ ಉಂಟು."

"ಹೇಗೆ ಅಂತ ಕೇಳ್ತೀರಾ, ಉತ್ತರ ಬರೇ ಹೇಳಿದ್ರೆ?"

"ಹೇಗೆ ಅಂತ ಹೇಳದಿದ್ರೆ ಮಾರ್ಕೇ ಕೊಡುವುದಿಲ್ಲ."

ಅವಳು ಕಟ್ಟೆಯಿಂದ ಇಳಿದಳು. "ಹಾಗಾದ್ರೆ ಬರ್ತೇನೆ."

ಇನ್ನೂ ಒಂದು ಕಾರ್ಯಕ್ರಮ ಬಾಕಿ ಇತ್ತು. ಫರಂಗಿಪೇಟೆಯ ಹತ್ತಿರದ ಒಂದು ಕ್ಲಬ್ಬಿನವರು ಮೇ ತಿಂಗಳಿಗೆ ಮೊದಲೇ ಹೇಳಿಟ್ಟಿದ್ದರು. ಉಮೇಶ ಜಗಲಿಯಲ್ಲಿ ಅತ್ತಿತ್ತ ನಡೆಯುತ್ತಾ ಫೋನು ಮಾಡಿದ. "ಇಲ್ಲ ಅಣ್ಣ, ಬರ್ಲಿಕ್ಕೆ ಆಗುವುದಿಲ್ಲ... ಹುಷಾರಿದ್ದಾಳೆ, ಹುಷಾರಿಲ್ಲದೆ ಅಲ್ಲ... ಫ್ಲೆಕ್ಸ್ ಪ್ರಿಂಟ್ ಆಯ್ತಾ? ಛೆ." ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, "ಮುಂದಿನ ಕುರ್ಚಿ ಹೋಯ್ತು ಅಕ್ಕ," ಎಂದ. ನಗೆಯಲ್ಲೇ ಹೇಳಿದ. ಆದರೆ ಆ ಕುರ್ಚಿ ಅವನಿಗೆ ಎಷ್ಟು ದೊಡ್ಡದಾಗಿತ್ತೆಂದು ನನಗೆ ಗೊತ್ತಿತ್ತು. ಆ ರಾತ್ರಿ ಅವನಿಗಿಷ್ಟವಾದ ಬಂಗುಡೆ ಮೀನಿನ ಪುಳಿಮುಂಚಿ ಮಾಡಿದೆ. ಅಷ್ಟೇ ನನ್ನಿಂದಾಗುವುದು.

ಪತ್ತನಾಜೆ ಕಳೆಯಿತು. ಊರಿನ ಶಾಮಿಯಾನಗಳೆಲ್ಲ ಮಡಚಿ ಒಳಗೆ ಹೋದವು. ಜೂನ್ ಒಂದಕ್ಕೆ ಉಮೇಶ, "ಇವತ್ತು ಸಂಚಾಲಕರ ಹುಟ್ಟುಹಬ್ಬ ಅಲ್ಲ," ಎಂದು ಹೇಳಿ ತಾನೇ ಜೋರಾಗಿ ನಕ್ಕ. ಶಾಲೆ ಶುರುವಾದ ವಾರವೇ ಮಳೆಯೂ ಹಿಡಿಯಿತು.

ಮೊದಲ ದಿನ ಸಂಜೆ ಅವಳು ಅಂಗಡಿಗೆ ಬಂದಾಗ ಎರಡೂ ಮೊಣಕಾಲು ಕೆಂಪಾಗಿ ಬೆಂಚಿನ ಹಲಗೆಯ ಗುರುತು ಎದ್ದು ಕಾಣುತ್ತಿತ್ತು. ಬಿದ್ದಳೋ, ಯಾರಾದರೂ ದೂಡಿದರೋ ಎಂದು ಮಿಷನ್ ನಿಲ್ಲಿಸಿದೆ.

"ಏನಾಯ್ತು ಮಗಾ?"

"ಏನೂ ಆಗ್ಲಿಲ್ಲ. ಬೆಂಚು ತಗ್ಗು, ಡೆಸ್ಕು ಎತ್ತರ. ಕೂತರೆ ಬೋರ್ಡ್ ಕಾಣುವುದಿಲ್ಲ. ಮೊಣಕಾಲೂರಿ ನಿಂತೆ." ಚೀಲ ಕೆಳಗೆ ಹಾಕಿ ಮಿಷನಿನ ಕೆಳಗೆ ನುಗ್ಗಿದಳು. ಎಷ್ಟು ತಿಂಗಳಾಗಿತ್ತು ಅವಳು ಅಲ್ಲಿ ಕೂರದೆ! "ಮಾಮಿ, ಎಕ್ಸ್ ಅಂತ ಒಂದು ಉಂಟು. ಅದು ಎಷ್ಟು ಅಂತ ಗೊತ್ತಿಲ್ಲದೆಯೇ ಅದನ್ನು ಇಟ್ಟುಕೊಂಡು ಲೆಕ್ಕ ಮಾಡಬಹುದು. ಅದಕ್ಕಿಂತ ಮುಂದೆ ಟೀಚರ್ ಇನ್ನೊಂದು ಹೇಳಿದ್ರು, ಅದು ನನಗೆ ಗೊತ್ತಾಗ್ಲಿಲ್ಲ." ತಲೆ ಹೊರಗೆ ಹಾಕಿದಳು. ಕಣ್ಣು ಹೊಳೆಯುತ್ತಿತ್ತು. "ಗೊತ್ತೇ ಆಗ್ಲಿಲ್ಲ ಮಾಮಿ!"

ಅಂದು ಮನೆಗೆ ಹೋದವಳು ಕಪಾಟು ತೆರೆದೆ. ಶಾಲುಗಳನ್ನೆಲ್ಲ ಹೊರಗೆ ತೆಗೆದು ಒಂದೇ ಅಳತೆಗೆ ಮಡಚಿ ಒಂದರ ಮೇಲೊಂದು ಇಟ್ಟೆ. ಜರಿಯ ಅಂಚು ಒಳಗೆ ಹೋಗುವ ಹಾಗೆ ಸುತ್ತಲೂ ದಪ್ಪ ನೂಲಿನಲ್ಲಿ ಹೊಲಿಗೆ ಹಾಕಿ ದಿಂಬು ಮಾಡಿದೆ. ಹೈಸ್ಕೂಲಿನ ಯೂನಿಫಾರ್ಮಿನ ನೀಲಿ ಬಟ್ಟೆ ಅಂಗಡಿಯಲ್ಲಿ ಉಳಿದಿತ್ತು. ಅದರಿಂದ ಕವರು ಹೊಲಿದೆ, ಆ ಮಕ್ಕಳ ನಡುವೆ ಎದ್ದು ಕಾಣಬಾರದೆಂದು. ವಸಂತಿ ಬೀಡಿಯ ಮೊರ ಬದಿಗಿಟ್ಟು ಬಂದು ದಿಂಬಿನ ಮೇಲೆ ಕೂತು ನೋಡಿದಳು. "ಗಟ್ಟಿ ಉಂಟು. ಕೂರಬಹುದು," ಎಂದಳು. ಉಮೇಶ ಅದನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ, ಏನೋ ಹೇಳಲು ಹೋಗಿ, ಹೇಳದೆ ರಿಕ್ಷಾದಲ್ಲಿ ಇಟ್ಟ.

ಎಲ್ಲವೂ ಹೂವೆತ್ತಿದ ಹಾಗೆ ನಡೆಯಿತು ಎಂದರೆ ಸುಳ್ಳಾದೀತು. ಎಂಟನೆಯವರು ಅವಳನ್ನು 'ಪಾಪು' ಎಂದು ಕರೆದರು. ಮೊದಲ ಕಿರುಪರೀಕ್ಷೆಯಲ್ಲಿ ಕಡಿಮೆ ಮಾರ್ಕು ಬಂದು, ಜೀವನದಲ್ಲಿ ಮೊದಲ ಬಾರಿಗೆ ಲೆಕ್ಕಕ್ಕಾಗಿ ಅತ್ತಳು. ಒಂದು ದಿನ ಹೋಗುವುದೇ ಇಲ್ಲವೆಂದು ಹಟ ಹಿಡಿದಳು. ಜಯಂತಿ ಟೀಚರ್ ಕೈ ಹಿಡಿದು ಮಳೆಯಲ್ಲಿ ಕೊಡೆ ಹಿಡಿದು ಮೈದಾನ ದಾಟಿಸಿದರು. ಪೀರಿಯಡ್ ಮುಗಿದರೆ ಓಡಿ ಬಂದು ತನ್ನ ಕ್ಲಾಸಿನವರ ಜೊತೆ ಲಗೋರಿ ಆಡುತ್ತಿದ್ದಳು. ಐದನೆಯವರ ಪುಸ್ತಕ ಮತ್ತೆ ತಿದ್ದಲಿಲ್ಲ, ತಾನೇ ಐದನೆಯವಳಲ್ಲವೇ. ಆ ಮಳೆಗಾಲ ಮುಗಿಯುವ ಹೊತ್ತಿಗೆ 'ಪಾಪು' ಎಂದು ಕರೆದವರೇ ಅವಳಿಗಾಗಿ ಕಿಟಕಿಯ ಪಕ್ಕದ ಜಾಗ ಹಿಡಿದಿಡುತ್ತಿದ್ದರು.

ಈಗ ಅವಳು ಮೂಡುಬಿದಿರೆಯಲ್ಲಿ ಪಿಯುಸಿ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲಿ. ಕಳೆದ ವಾರ ಸುಧಾಕರಣ್ಣನ ಸನ್ಮಾನಕ್ಕೆ ಅವಳೂ ಬಂದಿದ್ದಳು. ಸಭೆ ನಡೆಯುತ್ತಿರುವಾಗ ನನ್ನ ಕಿವಿಯಲ್ಲಿ, "ಮಾಮಿ, ದೊಡ್ಡಪ್ಪನ ಶಾಲು ದಪ್ಪ ಉಂಟು ನೋಡಿ," ಎಂದಳು. ಇಬ್ಬರೂ ಸೆರಗಿನಲ್ಲಿ, ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆವು.

ಬಸ್ಸಿಳಿದು ನೇರ ಅಂಗಡಿಗೆ ಬಂದೆ. ಬೆಂಚಿನ ಮೇಲೆ ಜಯಂತಿ ಟೀಚರ್ ಕಾಯುತ್ತಿದ್ದರು, ಮಡಿಲಲ್ಲಿ ಆ ನೀಲಿ ದಿಂಬು. ಶ್ರಾವ್ಯ ಬೆಳೆದು ದಿಂಬು ಬೇಡವಾದಾಗ ಲೀನಾ ಟೀಚರ್ ಅದನ್ನು ಹಿಂದಕ್ಕೆ ಕಳಿಸಿರಲಿಲ್ಲ. "ಇರಲಿ, ಇನ್ನೂ ಗಿಡ್ಡದವರು ಬರಬಹುದು" ಎಂದು ಎಂಟನೆಯ ಕ್ಲಾಸಿನ ಕಪಾಟಿನ ಮೇಲೆ ಇಟ್ಟಿದ್ದರು.

"ಈ ವರ್ಷ ಒಬ್ಬ ಹೋಗ್ತಾ ಇದ್ದಾನೆ ಅಕ್ಕ, ನನ್ನ ನಾಲ್ಕನೆಯ ಕ್ಲಾಸಿನವ," ಎಂದರು. "ನೀವು ಕೇಳುವ ಮೊದಲೇ ಹೇಳ್ತೇನೆ, ಯಾರಿಗೂ ಶಾಲು ಹಾಕ್ಲಿಕ್ಕೆ ಬಿಡ್ಲಿಲ್ಲ. ಆದರೆ ಅವ ಶ್ರಾವ್ಯಳಿಗಿಂತಲೂ ಸಣ್ಣವ, ದಿಂಬು ಸಹ ಕೂತು ಕೂತು ತಗ್ಗಾಗಿದೆ. ಬೋರ್ಡ್ ಅರ್ಧವೇ ಕಾಣ್ತದಂತೆ."

ಹಣ್ಣಿನ ಬುಟ್ಟಿಯನ್ನು ಅವರ ಕೈಗೆ ಕೊಟ್ಟು ಸೇಬು ತಿನ್ನಲು ಹೇಳಿದೆ. ದಿಂಬಿನ ಒಂದು ಬದಿಯ ಹೊಲಿಗೆ ಬಿಚ್ಚಿ, ಸುಧಾಕರಣ್ಣನ ಶಾಲನ್ನು ಅಳತೆಗೆ ಮಡಚಿ ಒಳಗೆ ಸೇರಿಸಿದೆ.